ಜೀಪ್ ಎತ್ತರಿಸಿದ ಮೇಲೆ ನಡುಕ ಯಾಕೆ? 350 ವರ್ಷ ಹಳೇ ಲೆಕ್ಕ

ಪುಣೆ, ಮುಂಬೈ, ಹೈದರಾಬಾದ್ ಕಡೆ ಇರೋ ನಮ್ಮವರಲ್ಲಿ ಜೀಪ್, ಥಾರ್, ಜಿಮ್ನಿ ಹುಚ್ಚು ಇರೋರು ಕಮ್ಮಿ ಇಲ್ಲ. ವಾರವಿಡೀ ಲ್ಯಾಪ್‌ಟಾಪ್, ಶನಿವಾರ ಬಂತು ಅಂದ್ರೆ ಸಹ್ಯಾದ್ರಿ. ಕಲ್ಲುದಾರಿಗೆ ಬೇಕು ಅಂತ ಕೆಲವರು ಸಸ್ಪೆನ್ಷನ್ ಮೂರು ಇಂಚು ಎತ್ತರಿಸ್ತಾರೆ. ಆಮೇಲೆ ಹೈವೇಯಲ್ಲಿ ಒಂದು ವೇಗ ದಾಟಿದ ಕೂಡಲೇ ಸೀಟಿನ ಕೆಳಗೆ ನಡುಕ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದ್ರೂ ಹೋಗಲ್ಲ. ಈ ನಡುಕದ ಕಥೆ ಶುರುವಾಗೋದು 17ನೇ ಶತಮಾನದ ಯುರೋಪಿನಲ್ಲಿ.

ಗಾಡಿಯ ಹೊಟ್ಟೆಯ ಕೆಳಗೆ ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಶಕ್ತಿ ಒಯ್ಯೋ ಶಾಫ್ಟ್ ಇದೆಯಲ್ಲ, ಅದರ ತುದಿಗಳಲ್ಲಿ ಕೂಡಿಸುವ ಚಿಹ್ನೆಯಂಥ ಒಂದು ಕೀಲು ಇರುತ್ತೆ. ಮೆಕ್ಯಾನಿಕ್‌ಗಳು ಯುಜೆ ಕ್ರಾಸ್ ಅಂತಾರೆ. ಯುರೋಪಿನಲ್ಲಿ ಇದಕ್ಕೆ ‘ಕಾರ್ಡನ್’ ಅಂತ ಹೆಸರು, ಇಟಲಿಯ ಜಿರೋಲಾಮೊ ಕಾರ್ಡಾನೊ (1501–1576) ನೆನಪಿಗೆ. 1664ರಲ್ಲಿ ಜರ್ಮನಿಯ ಪಾದ್ರಿ ಗಾಸ್ಪರ್ ಶಾಟ್ ಈ ಕೀಲನ್ನು ವರ್ಣಿಸಿ, ಎರಡೂ ಕಡೆ ಒಂದೇ ವೇಗದಲ್ಲಿ ತಿರುಗುತ್ತೆ ಅಂದ. ನೋಡಿದ್ರೆ ನಿಜ ಅನ್ನಿಸುತ್ತೆ. ಈ ಕಡೆ ಒಂದು ಸುತ್ತು, ಆ ಕಡೆಯೂ ಒಂದು ಸುತ್ತು.

ಲಂಡನ್ನಿನ ರಾಬರ್ಟ್ ಹುಕ್ ಒಂದು ಸುತ್ತಿನ ಒಳಗೆ ಏನಾಗುತ್ತೆ ಅಂತ ನೋಡಿದ. ಕೀಲು ಬಾಗಿದ್ದಾಗ ಆಚೆ ಕಡೆಯ ಶಾಫ್ಟ್ ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸಿ, ಎರಡು ಸಲ ನಿಧಾನಿಸುತ್ತೆ. 1676ರಲ್ಲಿ ಇದರ ವಿವರಣೆ ಅಚ್ಚಾಯ್ತು. ಇವತ್ತಿನ ಲೆಕ್ಕದಲ್ಲಿ ಹೇಳೋದಾದ್ರೆ, ನಿಮಿಷಕ್ಕೆ 1000 ಸುತ್ತು ಕೊಟ್ಟರೆ 10 ಡಿಗ್ರಿಯಲ್ಲಿ ಆಚೆ ಕಡೆ 985ರಿಂದ 1015ರ ನಡುವೆ ತೂಗಾಡುತ್ತೆ. 30 ಡಿಗ್ರಿಯಲ್ಲಿ 866ರಿಂದ 1155!

ಮದ್ದೂ ಆ ಕಾಲದಿಂದಲೇ ಬಂತು: ಎರಡನೇ ಕೀಲು ಹಾಕಿ. ಮೊದಲನೆಯದು ಕೆಡಿಸಿದ್ದನ್ನ ಎರಡನೆಯದು ಸರಿಮಾಡುತ್ತೆ. ಆದ್ರೆ ಎರಡು ಕೀಲಿನ ಕೋನವೂ ಸಮ ಇರಬೇಕು, ಶಾಫ್ಟಿನ ಎರಡು ತುದಿಯ ಯೋಕ್‌ಗಳೂ ಒಂದೇ ಸಾಲಿನಲ್ಲಿರಬೇಕು.

ಮೊದಮೊದಲ ಕಾರುಗಳಲ್ಲಿ ಎಷ್ಟೋ ಸೈಕಲ್ಲಿನ ಹಾಗೆ ಚೈನಿನಿಂದಲೇ ಓಡ್ತಿದ್ವು. ಅಮೆರಿಕದ ಕಾರ್ನೆಲ್‌ನಲ್ಲಿ ಓದಿದ ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ಯುನಿವರ್ಸಲ್ ಜಾಯಿಂಟಿಗೆ ಪೇಟೆಂಟ್ ಪಡೆದು, ಮರುವರ್ಷ ಅದನ್ನ ತಯಾರಿಸೋಕೆ ಶುರುಮಾಡಿದ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಇದ್ದದ್ದು ಸ್ಪೈಸರ್ ಭಾಗಗಳೇ. ಯುದ್ಧ ಮುಗಿದ ಮೇಲೆ ಮಹೀಂದ್ರ ಮುಂಬೈಯಲ್ಲಿ ಜೋಡಿಸಿದ್ದೂ ಆ ವಿಲ್ಲಿಸ್ ವಂಶವನ್ನೇ.

ಈಗ ಲಿಫ್ಟಿಗೆ ಬನ್ನಿ. 60 ಸೆಂ.ಮೀ. ಶಾಫ್ಟ್ ಇರೋ ಗಿಡ್ಡ ಗಾಡಿಯನ್ನ 7.5 ಸೆಂ.ಮೀ. ಎತ್ತಿದ್ರೆ ಕೋನ ಸುಮಾರು 7 ಡಿಗ್ರಿ ಜಾಸ್ತಿ. ಶಾಫ್ಟ್ 120 ಸೆಂ.ಮೀ. ಇದ್ರೆ ಅದರ ಅರ್ಧ. ‘ಕೋನ ಜಾಸ್ತಿಯಾಯ್ತು, ಪಿನಿಯನ್ ಮೂತಿ ಮೇಲಕ್ಕೆತ್ತೋಣ’ ಅಂತ ಕೆಲವರು ಆಕ್ಸಲ್ಲಿಗೆ ಬೆಣೆ ಹಾಕಿಸ್ತಾರೆ. ಹಿಂದಿನ ಕೀಲಿನ ಕೋನ ಕಮ್ಮಿಯಾಯ್ತು, ಮುಂದಿನದು ಹಾಗೇ ಉಳೀತು. ಸಮ ತಪ್ಪಿತು, ನಡುಕ ಬಂತು. ಒಂದು ಕಡೆ ಕೋಡ್ ಬದಲಿಸಿ ಇನ್ನೊಂದು ಕಡೆ ಮುರಿದಂಗೆ.

ಮಾಮೂಲಿ ಎರಡು ಕೀಲಿನ ಶಾಫ್ಟ್ ಇದ್ರೆ ಪಿನಿಯನ್ನು ಟ್ರಾನ್ಸ್‌ಫರ್ ಕೇಸಿನ ಶಾಫ್ಟಿಗೆ ಸಮಾನಾಂತರವಾಗಿರಲಿ. ಕೋನ ತೀರಾ ಹೆಚ್ಚಾದ್ರೆ ಟ್ರಾನ್ಸ್‌ಫರ್ ಕೇಸ್ ತುದಿಯಲ್ಲಿ ಜೋಡಿ ಕೀಲಿರೋ ಡಬಲ್ ಕಾರ್ಡನ್ ಶಾಫ್ಟ್ ಬೇಕು. ಆಗ ಮಾತ್ರ ಪಿನಿಯನ್ ಮೂತಿಯನ್ನ ಶಾಫ್ಟಿನ ಕಡೆಗೇ ತಿರುಗಿಸಬೇಕು. ಎಳೆತ ಬಿದ್ದಾಗ ಅದು ಮೇಲಕ್ಕೆ ಏಳುತ್ತೆ, ಅದಕ್ಕೇ ಒಂದೆರಡು ಡಿಗ್ರಿ ಕೆಳಗೆ ಬಿಡ್ತಾರೆ. ಮುಂದಿನ ಆಕ್ಸಲ್ ತಿರುಗಿಸೋಕೆ ಮುಂಚೆ ನೆನಪಿಡಿ, ಕ್ಯಾಸ್ಟರ್ ಕಮ್ಮಿಯಾಗಿ ಸ್ಟೀರಿಂಗ್ ಅಲೆದಾಡುತ್ತೆ.

ನಡುಕವನ್ನ ಹಾಗೇ ಬಿಟ್ರೆ ಕ್ರಾಸ್ ಸವೆದು, ಒಂದು ದಿನ ಶಾಫ್ಟ್ ಕಳಚಿ ಬೀಳಬಹುದು. ಘಟ್ಟದಲ್ಲಿ, ಮನೆಯವರು ಗಾಡಿಯಲ್ಲಿದ್ದಾಗ ಅದು ಆಗೋದು ಬೇಡ. ಲಿಫ್ಟ್ ಮಾಡಿಸೋ ಮುಂಚೆ, ಮಾಡಿಸಿದ ಮೇಲೆ, ಕೋನ ಅಳೆದು ಬರೆದಿಡಿ. ‘ಜಾಯಿಂಟ್ ಇದೆ ಸಾರ್, ಅದೇ ಅಡ್ಜಸ್ಟ್ ಆಗುತ್ತೆ’ ಅಂತ ಯಾರಾದ್ರೂ ಹೇಳಿದ್ರೆ, ಅದು 1664ರ ಶಾಟ್ ಪಾದ್ರಿಯ ಮಾತು. ನೀವು 1676ರ ಹುಕ್ ಕಡೆ ನಿಲ್ಲಿ.