ಟರ್ಮಿನಲ್‌ನಲ್ಲಿ ಮಸ್ಕಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಊರುಗಳ ಹೆಸರಿನ ಮೂರು ಕಡತಗಳನ್ನು ಲಿನಕ್ಸ್‌ನಲ್ಲಿಟ್ಟು, ಲೊಕೇಲ್ (ಭಾಷೆ, ಅಕ್ಷರ ಸಂಕೇತಗಳ ಆಯ್ಕೆ) ಹೊಂದಿಸದ ಟರ್ಮಿನಲ್‌ನಿಂದ ಪಟ್ಟಿ ಕೇಳಿ ನೋಡಿ. ಊರಿನ ಹೆಸರಿರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆಗಳೋ, 340, 262 ಎಂದು ಶುರುವಾಗುವ ಅಂಕಿಗಳೋ ಬರುತ್ತವೆ. ಕಡತ ಕೆಟ್ಟಿದೆ, ಇಲ್ಲವೇ ಫಾಂಟ್ ಇಲ್ಲ ಎಂದುಬಿಡುವುದೇ ರೂಢಿ. ಆದರೆ ತಪ್ಪು ಸಾಮಾನ್ಯವಾಗಿ ಎರಡರಲ್ಲೂ ಇರುವುದಿಲ್ಲ, ಓದುವ ಪರಿಸರದಲ್ಲಿರುತ್ತದೆ. ಆ ಪರಿಸರ ರೂಪುಗೊಂಡದ್ದು ಟೆಲಿಟೈಪ್ ಕಾಲದಲ್ಲಿ: ಒಂದು ಬೈಟಿಗೆ ಒಂದು ಅಕ್ಷರ, ಒಂದು ಅಕ್ಷರಕ್ಕೆ ಒಂದು ಮನೆ. 1979ರ ಏಳನೇ ಆವೃತ್ತಿಯ ಯೂನಿಕ್ಸ್‌ನಲ್ಲಿ ಬೋರ್ನ್ ಶೆಲ್ಲಿನೊಂದಿಗೆ ಎನ್ವಿರಾನ್ಮೆಂಟ್ ವೇರಿಯಬಲ್‌ಗಳು ಬಂದವು; ಭಾಷೆ ತಿಳಿಸುವ ಲ್ಯಾಂಗ್, ಎಲ್‌ಸಿ ಆಲ್‌ಗಳು ಸೇರಿದ್ದು ಆಮೇಲೆ. ಇವು ಖಾಲಿಯಿದ್ದರೆ ಪ್ರೋಗ್ರಾಂ ‘ಸಿ’ ಲೊಕೇಲಿಗೆ ಇಳಿಯುತ್ತದೆ, ಅಲ್ಲಿ ಕನ್ನಡಕ್ಕೆ ಜಾಗವಿಲ್ಲ. ಕೈಯಾರೆ ಓಡಿಸಿದಾಗ ಸರಿಯಿದ್ದ ಸ್ಕ್ರಿಪ್ಟು, ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಕ್ರಾನ್‌ನಲ್ಲಿ ಎಡವುವುದೂ ಎಷ್ಟೋ ಸಲ ಇದರಿಂದಲೇ.

ಪುರಾವೆ ಸುಲಭ. ‘ಮಸ್ಕಿ’ ಯೂನಿಕೋಡ್‌ನಲ್ಲಿ ಐದು ಸಂಕೇತ: ಮ, ಸ, ಹಲಂತ, ಕ, ಗುಡಿಸು. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್. ಅಕ್ಷರ ಎಣಿಸಲು ‘ಡಬ್ಲ್ಯೂಸಿ’ ಆಜ್ಞೆಗೆ ಹೇಳಿದರೆ ಯುಟಿಎಫ್-8 ಲೊಕೇಲಿನಲ್ಲಿ 5 ಎನ್ನುತ್ತದೆ, ‘ಸಿ’ಯಲ್ಲಿ 15 ಎನ್ನುತ್ತದೆ, ಬೈಟುಗಳು ಮಾತ್ರ ಅವೇ. ಮಸ್ಕಿ ಊರಿನ ಶಾಸನದ ಬಂಡೆಯ ಕಥೆಯೂ ಇದೇ: ಬರಹ ಇದ್ದಲ್ಲೇ ಇತ್ತು, ಓದುವ ಬಗೆ ಬೇಕಿತ್ತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಆ ಊರಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಬ್ರಾಹ್ಮಿ ಶಾಸನದಲ್ಲಿ ಅಶೋಕನ ಹೆಸರು ಎರಡು ಸಾವಿರ ವರ್ಷಗಳಿಂದ ಇದ್ದೇ ಇತ್ತು. ಅದನ್ನು ಓದಲಾದದ್ದು 1837ರ ವೇಳೆಗೆ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದ್ದರಿಂದ.

ಲೊಕೇಲ್ ಸರಿಪಡಿಸಿದರೂ ‘ಸ್ಕಿ’ ಒಡೆದೇ ಕಾಣುತ್ತದಲ್ಲ ಎನ್ನಬಹುದು. ನಿಜ, ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಇಂದಿಗೂ ಕೂಡುವುದಿಲ್ಲ. ಅದು ಲಿಪಿಯ ದೋಷವಲ್ಲ, ಒಂದು ಅಕ್ಷರಕ್ಕೆ ಒಂದು ಮನೆ ಎಂಬ ಆ ಹಳೆಯ ಲೆಕ್ಕದ್ದು. ಕಾನ್ಪುರ ಐಐಟಿಯ ಕೆಲಸದಿಂದ ಹುಟ್ಟಿ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಎಂಬ ಕಂಪ್ಯೂಟರ್ ಕಾರ್ಡು ಯೂನಿಕೋಡ್ ಬಳಕೆಗೆ ಬರುವ ಮೊದಲೇ ಭಾರತೀಯ ಲಿಪಿಗಳನ್ನು ಪರದೆಯ ಮೇಲೆ ಕೂಡಿಸಿ ತೋರಿಸಿತ್ತು. ಟರ್ಮಿನಲ್ಲಿಗೆ ಕನ್ನಡವೇಕೆ, ಊರ ಹೆಸರನ್ನು ರೋಮನ್ನಿನಲ್ಲಿ ಬರೆದರಾಯಿತು ಎಂಬ ವಾದವನ್ನಂತೂ ಒಪ್ಪಲಾಗದು. ರೋಮನ್ನಿನಲ್ಲಿ ಲಿಂಗಸುಗೂರು ಲಿಂಗ್ಸುಗೂರ್ ಆಗುತ್ತದೆ, ಸಿಂಧನೂರು ಸಿಂಧ್ನೂರ್ ಆಗುತ್ತದೆ. ಒಂದು ಕಾಗುಣಿತದಲ್ಲಿ ಹುಡುಕಿದವರಿಗೆ ಇನ್ನೊಂದರಲ್ಲಿ ಬರೆದ ದಾಖಲೆ ಸಿಗುವುದಿಲ್ಲ. ಹಾಗಾಗಿ ಫಾಂಟ್ ಹುಡುಕುವ ಮೊದಲು ‘ಲೊಕೇಲ್’ ಆಜ್ಞೆ ಕೊಟ್ಟು ನೋಡಬೇಕು: ಯುಟಿಎಫ್-8 ಲೊಕೇಲ್ ಜಾರಿಯಲ್ಲಿದೆಯೇ, ಲ್ಯಾಂಗ್ ಸರಿಯಿದ್ದರೂ ಎಲ್‌ಸಿ ಆಲ್ ಅದನ್ನು ಮೀರಿ ‘ಸಿ’ ಎನ್ನುತ್ತಿದೆಯೇ ಎಂದು.