ನವಜಾತ ಶಿಶುವಿನಲ್ಲಿ ವಾಸಿಯಾಗದ ಡೈಪರ್ ದದ್ದು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

ಶಿಶುವಿನ ಪೃಷ್ಠ, ತೊಡೆಸಂದು ಹಾಗೂ ಜನನಾಂಗದ ಸುತ್ತಲಿನ ಚರ್ಮವು ಕೆಂಪಾಗಿ, ಮುಟ್ಟಿದರೆ ಮಗು ಅಳುವಂತಾಗುವುದನ್ನು ಡೈಪರ್ ದದ್ದು ಎಂದು ಕರೆಯಲಾಗುತ್ತದೆ. ಹೆಸರಿನಲ್ಲಿ ಡೈಪರ್ ಎಂದಿದ್ದರೂ, ಹಳೆಯ ಸೀರೆ ಅಥವಾ ಪಂಚೆಯ ತುಂಡನ್ನು ಲಂಗೋಟಿಯಾಗಿ ಕಟ್ಟುವ ಮನೆಗಳಲ್ಲಿಯೂ ಇದು ಉಂಟಾಗುತ್ತದೆ. ಈ ತೊಂದರೆಯು ಸಾಮಾನ್ಯವಾಗಿ 9 ರಿಂದ 12 ತಿಂಗಳ ಶಿಶುಗಳಲ್ಲಿ ಹೆಚ್ಚು. ಹುಟ್ಟಿದ ಮೊದಲ 28 ದಿನಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆದಕಾರಣ ನವಜಾತ ಶಿಶುವಿನಲ್ಲಿ ಸರಿಯಾದ ಆರೈಕೆಯ ನಂತರವೂ ಮೂರು ದಿನಗಳಲ್ಲಿ ತಗ್ಗದ ದದ್ದನ್ನು “ಉಷ್ಣ, ತಾನಾಗಿ ಹೋಗುತ್ತದೆ” ಎಂದು ಬಿಡದೆ ವೈದ್ಯರಿಗೆ ತೋರಿಸತಕ್ಕದ್ದು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಸೇವೆಯು ಸಂಪೂರ್ಣ ಉಚಿತವಾಗಿದೆ.

ದದ್ದು ಉಂಟಾಗಲು ಕಾರಣ

ಚರ್ಮವು ಬಹಳ ಹೊತ್ತು ಒದ್ದೆಯಾಗಿದ್ದಲ್ಲಿ ಮೆತ್ತಗಾಗಿ ಬಟ್ಟೆಯ ಉಜ್ಜುವಿಕೆಯನ್ನು ತಾಳಲಾರದು. ಮೂತ್ರವು ಮಲದೊಂದಿಗೆ ಬೆರೆತಾಗ ಅಮೋನಿಯಾ ಉತ್ಪತ್ತಿಯಾಗಿ ಚರ್ಮದ ಸಹಜ ಆಮ್ಲೀಯತೆ ಕುಂದುತ್ತದೆ. ಆಗ ಮಲದಲ್ಲಿರುವ ಜೀರ್ಣಕಾರಿ ಕಿಣ್ವಗಳು ಚರ್ಮವನ್ನೇ ಕೊರೆಯತೊಡಗುತ್ತವೆ. ಮೂಲ ಕಾರಣವು ಒದ್ದೆಯೇ ಹೊರತು ದೇಹದ ಉಷ್ಣವಲ್ಲ. ಬಾಣಂತಿಯು ನಂಜಿನ ಪದಾರ್ಥ ಸೇವಿಸಿದ್ದರಿಂದ ದದ್ದು ಬಂದಿತೆಂದು ಆಕೆಯ ಊಟವನ್ನು ಕಡಿತಗೊಳಿಸುವುದು, ಅಥವಾ ಎದೆಹಾಲು ನಿಲ್ಲಿಸುವುದು ಸರಿಯಲ್ಲ. ಇದರಿಂದ ದದ್ದು ಕಡಿಮೆಯಾಗದು, ತಾಯಿ ಮಗು ಇಬ್ಬರೂ ಸೊರಗುತ್ತಾರೆ.

ಸ್ಥಳೀಯ ಪರಿಸ್ಥಿತಿಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಜಗಳೂರು ತಾಲ್ಲೂಕು ಬರಪೀಡಿತ ಪ್ರದೇಶವಾಗಿದ್ದು, ನೀರಿನ ಅಭಾವವಿರುವ ದಿನಗಳಲ್ಲಿ ಲಂಗೋಟಿಗಳನ್ನು ಒಂದೇ ನೀರಿನಲ್ಲಿ ಅದ್ದಿ ಹಿಂಡುವುದುಂಟು. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಸುಲಭವಾಗಿ ಬಿಡುವುದಿಲ್ಲ. ಬಟ್ಟೆಯಲ್ಲಿ ಉಳಿದ ಸೋಪಿನ ಅಂಶವೂ ಚರ್ಮವನ್ನು ಕೆರಳಿಸುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗದೆ, ಅರೆ ತೇವದಲ್ಲಿಯೇ ಕಟ್ಟಲಾಗುತ್ತದೆ. ಇದರ ಜೊತೆಗೆ ಬಾಣಂತಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಮಗುವನ್ನು ಬಿಗಿಯಾಗಿ ಸುತ್ತಿ, ಕೆಳಗೆ ರಬ್ಬರ್ ಶೀಟು ಹಾಸಿದಲ್ಲಿ ಚರ್ಮಕ್ಕೆ ಗಾಳಿಯೇ ಸೋಕುವುದಿಲ್ಲ.

ಮನೆಯಲ್ಲಿ ಮಾಡಬೇಕಾದ ಆರೈಕೆ

ಎರಡು ಮೂರು ಗಂಟೆಗೊಮ್ಮೆ, ಮಲ ವಿಸರ್ಜಿಸಿದಲ್ಲಿ ಆ ಕೂಡಲೇ, ರಾತ್ರಿಯಲ್ಲಿಯೂ ಬಟ್ಟೆ ಅಥವಾ ಡೈಪರ್ ಬದಲಾಯಿಸುವುದು. ಉಗುರುಬೆಚ್ಚಗಿನ ಶುದ್ಧ ನೀರು ಮತ್ತು ಮೆತ್ತನೆಯ ಹತ್ತಿಬಟ್ಟೆಯಿಂದ ಮುಂದಿನಿಂದ ಹಿಂದಕ್ಕೆ ಒರೆಸಿ, ಉಜ್ಜದೆ ಒತ್ತಿ ಒಣಗಿಸುವುದು. ದಿನಕ್ಕೆ ಹಲವು ಬಾರಿ 10-15 ನಿಮಿಷ, ಕೋಣೆ ಬೆಚ್ಚಗಿರುವಾಗ, ಆ ಭಾಗವನ್ನು ಬಟ್ಟೆಯಿಲ್ಲದೆ ಬಿಡುವುದು. ಅನಂತರ ಝಿಂಕ್ ಆಕ್ಸೈಡ್ ಮುಲಾಮನ್ನು ದಪ್ಪನಾಗಿ ಲೇಪಿಸುವುದು. ಇದು ಚರ್ಮಕ್ಕೂ ಮೂತ್ರಕ್ಕೂ ನಡುವೆ ಗೋಡೆಯಂತೆ ಕೆಲಸ ಮಾಡುತ್ತದೆ. ಮುಂದಿನ ಬಾರಿ ಮೇಲಿನ ಕೊಳೆಯನ್ನು ಮಾತ್ರ ತೆಗೆಯಬೇಕು, ಮುಲಾಮನ್ನೆಲ್ಲ ತಿಕ್ಕಿ ತೆಗೆಯುವ ಅಗತ್ಯವಿಲ್ಲ. ಲಂಗೋಟಿಗಳನ್ನು ಕನಿಷ್ಠ ಎರಡು ಬಾರಿ ಹೊಸ ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಒಣಗಿಸುವುದು. ನೀರು ಕಡಿಮೆ ಇರುವಲ್ಲಿ ಬೇರೆ ಬಟ್ಟೆಗಳ ಒಗೆತವನ್ನು ಮುಂದೂಡಿಯಾದರೂ ಇದನ್ನು ಪಾಲಿಸುವುದು ಒಳಿತು.

ಮುಖಕ್ಕೆ ಹಚ್ಚುವ ಪೌಡರು ಗಾಳಿಯಲ್ಲಿ ಹಾರಿ ಶಿಶುವಿನ ಶ್ವಾಸಕೋಶ ಸೇರಬಹುದು. ಬೋರಿಕ್ ಪುಡಿ, ಅಂದರೆ ಕೇರಂ ಹಲಗೆಗೆ ಉದುರಿಸುವ ಅದೇ ಪುಡಿ, ಬಿರಿದ ಚರ್ಮದ ಮೂಲಕ ರಕ್ತಕ್ಕೆ ಸೇರಿದಲ್ಲಿ ವಿಷಕಾರಿ. ಬೂದಿ, ಅರಿಶಿನ ಹಾಗೂ ಕ್ರಿಮಿನಾಶಕ ದ್ರಾವಣಗಳನ್ನೂ ಬಳಸಬಾರದು.

ಮೂರು ದಿನ ಕಳೆದರೂ ಕಡಿಮೆಯಾಗದಿದ್ದಲ್ಲಿ

ಒದ್ದೆಯಿಂದ ಆಗುವ ಸಾಧಾರಣ ದದ್ದು ಬಟ್ಟೆ ತಗಲುವ ಉಬ್ಬಿದ ಭಾಗಗಳಲ್ಲಿರುತ್ತದೆ. ತೊಡೆಸಂದಿಯ ಮಡಿಕೆಗಳ ಒಳಭಾಗ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಮಡಿಕೆಗಳ ಒಳಗೂ ಕಡುಗೆಂಪಾಗಿದ್ದು, ಅಂಚಿನಾಚೆ ಸಣ್ಣ ಸಣ್ಣ ಕೆಂಪು ಗುಳ್ಳೆಗಳು ಚದುರಿದಂತೆ ಕಂಡಲ್ಲಿ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಾಗಿರುವ ಸಂಭವವೇ ಹೆಚ್ಚು. ಮಗುವಿನ ನಾಲಿಗೆಯ ಮೇಲೆ ಒರೆಸಿದರೂ ಹೋಗದ ಬಿಳಿ ಪದರ, ತಾಯಿಯ ಮೊಲೆತೊಟ್ಟಿನಲ್ಲಿ ಉರಿ ಇದ್ದಲ್ಲಿ ಅದನ್ನೂ ವೈದ್ಯರಿಗೆ ತಿಳಿಸಬೇಕು. ತಾಯಿ ಅಥವಾ ಮಗು ಇತ್ತೀಚೆಗೆ ಪ್ರತಿಜೈವಿಕ ಔಷಧ ಪಡೆದಿದ್ದಲ್ಲಿ ಈ ಸೋಂಕು ಸುಲಭವಾಗಿ ತಗಲುತ್ತದೆ. ಇದಕ್ಕೆ ವೈದ್ಯರು ನೀಡುವ ಶಿಲೀಂಧ್ರನಾಶಕ ಮುಲಾಮು ಬೇಕೇ ಹೊರತು ಎಣ್ಣೆಯಿಂದ ಗುಣವಾಗದು.

ಇಲ್ಲಿಯೇ ಹೆಚ್ಚಿನ ಅನಾಹುತ ಸಂಭವಿಸುವುದು. ಔಷಧ ಅಂಗಡಿಯಲ್ಲಿ “ಮಗುವಿಗೆ ಕೆಂಪಾಗಿದೆ” ಎಂದು ಕೇಳಿ ತಂದ ಕ್ರೀಮಿನಲ್ಲಿ ಸ್ಟೀರಾಯ್ಡ್ ಸೇರಿದ್ದಲ್ಲಿ ಒಂದೆರಡು ದಿನ ಕೆಂಪು ಇಳಿದಂತೆ ಕಂಡು, ಒಳಗೆ ಶಿಲೀಂಧ್ರ ಬೆಳೆಯುತ್ತಲೇ ಇರುತ್ತದೆ. ನವಜಾತ ಶಿಶುವಿನ ಚರ್ಮ ತೆಳುವಾಗಿದ್ದು, ಡೈಪರ್ ಮುಚ್ಚಿದ ಭಾಗದಲ್ಲಿ ಔಷಧವು ಇನ್ನಷ್ಟು ಒಳಸೇರುತ್ತದೆ; ಬಹುದಿನ ಹಚ್ಚಿದಲ್ಲಿ ಚರ್ಮ ಸವೆಯುವುದಲ್ಲದೆ ದೇಹದ ಸ್ವಂತ ಹಾರ್ಮೋನು ಉತ್ಪಾದನೆಯೂ ಕುಗ್ಗಬಹುದು. ಕೇಂದ್ರ ಸರ್ಕಾರವು 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ತಂದಿದೆ. ಚೀಟಿ ಕೇಳದೆ ಕೊಟ್ಟರೆಂಬುದು ಆ ಕ್ರೀಮು ನಿರಪಾಯಕಾರಿ ಎಂಬುದಕ್ಕೆ ಆಧಾರವಲ್ಲ.

ಚಿಕಿತ್ಸೆಯ ನಂತರವೂ ವಾರಗಟ್ಟಲೆ ದದ್ದು ಉಳಿದು, ಬಾಯಿಯ ಸುತ್ತ ಹಾಗೂ ಕೈಕಾಲುಗಳಲ್ಲಿಯೂ ಕಂಡು, ಭೇದಿಯಾಗುತ್ತಿದ್ದಲ್ಲಿ ಝಿಂಕ್ ಕೊರತೆಯನ್ನು ವೈದ್ಯರು ಪರಿಶೀಲಿಸುತ್ತಾರೆ.

ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಸಂದರ್ಭ

ಕೀವು ತುಂಬಿದ ಗುಳ್ಳೆ ಒಂದೇ ಇದ್ದರೂ ಅಂದೇ ತೋರಿಸಬೇಕು. ಅವು 10 ಅಥವಾ ಹೆಚ್ಚು ಇದ್ದಲ್ಲಿ, ದೊಡ್ಡ ಕುರು ಎದ್ದಲ್ಲಿ, ಮಗು ಹಾಲು ಕುಡಿಯದಿದ್ದಲ್ಲಿ, ಎಬ್ಬಿಸಿದರೂ ಏಳದೆ ಮಂಕಾಗಿದ್ದಲ್ಲಿ, ಕಂಕುಳಿನ ತಾಪ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಇದ್ದಲ್ಲಿ, ಮೈ ತಣ್ಣಗಾಗಿದ್ದಲ್ಲಿ, ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದ್ದಲ್ಲಿ ಸೋಂಕು ರಕ್ತಕ್ಕೆ ಹರಡಿರುವ ಸಂಭವವಿದ್ದು, 108ಕ್ಕೆ ಕರೆ ಮಾಡತಕ್ಕದ್ದು. ಬೆಳಗಾಗಲಿ ಎಂದು ಕಾಯಬಾರದು.

ಸೇವೆ ಪಡೆಯುವ ವಿಧಾನ

2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅಸ್ವಸ್ಥ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ತಪಾಸಣೆ, ಔಷಧ, ಪರೀಕ್ಷೆ ಹಾಗೂ ಸಾರಿಗೆ ಉಚಿತ. ಮೊದಲು 30 ದಿನಗಳವರೆಗಿದ್ದ ಈ ಸೌಲಭ್ಯವನ್ನು ನಂತರ ಒಂದು ವರ್ಷದವರೆಗಿನ ಶಿಶುಗಳಿಗೂ ವಿಸ್ತರಿಸಲಾಗಿದೆ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಾಯಿ ಕಾರ್ಡ್‌ನೊಂದಿಗೆ ಹೋಗುವುದು. ಅಗತ್ಯವಿದ್ದಲ್ಲಿ ಮೇಲಿನ ಆಸ್ಪತ್ರೆಗೆ, ದಾವಣಗೆರೆಯ ಜಿಲ್ಲಾ ಚಿಗಟೇರಿ ಆಸ್ಪತ್ರೆಯವರೆಗೂ, ಕಳುಹಿಸಿಕೊಡಲಾಗುತ್ತದೆ. ನ್ಯಾಮತಿ ಭಾಗದವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ಹತ್ತಿರ.

ಆಸ್ಪತ್ರೆಯಲ್ಲಿ ಹೆರಿಗೆಯಾದಲ್ಲಿ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೇ ದಿನ ಮನೆಗೆ ಭೇಟಿ ನೀಡುತ್ತಾರೆ. ಬಾಣಂತನಕ್ಕೆ ತವರಿಗೆ ಹೋದ ತಾಯಂದಿರ ವಿಷಯದಲ್ಲಿ ಈ ಭೇಟಿ ತಪ್ಪಿಹೋಗುವ ಸಾಧ್ಯತೆ ಹೆಚ್ಚು. ಗಂಡನ ಊರಿನ ಆಶಾ ಬಳಿ ಹೆಸರಿದ್ದು, ತವರಿನ ಆಶಾಗೆ ಮಗು ಬಂದಿರುವುದೇ ತಿಳಿದಿರುವುದಿಲ್ಲ. ಆದ್ದರಿಂದ ತವರಿಗೆ ಬಂದ ದಿನವೇ ಅಲ್ಲಿನ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸುವುದು ಹಾಗೂ ಭೇಟಿಯ ವೇಳೆ ಮಗುವಿನ ಲಂಗೋಟಿ ಬಿಚ್ಚಿ ತೋರಿಸುವುದು. ವೈದ್ಯರ ಬಳಿ ಹೋಗುವಾಗ ಅಲ್ಲಿಯವರೆಗೆ ಹಚ್ಚಿದ ಎಲ್ಲ ಕ್ರೀಮುಗಳ ಟ್ಯೂಬುಗಳನ್ನು, ಖಾಲಿಯಾಗಿದ್ದರೂ, ಜೊತೆಯಲ್ಲಿ ಒಯ್ಯತಕ್ಕದ್ದು.