ತೀರ್ಪು ಮತ್ತು ಲಾವಣಿ: ಕಿತ್ತೂರು–ನರಗುಂದ ಸೀಮೆಯಲ್ಲಿ ಗಲ್ಲುಶಿಕ್ಷೆಯ ಜನಸ್ಮೃತಿ

ಧಾರವಾಡ ತಾಲೂಕಿನ ಗರಗವು ಮಡಿವಾಳೇಶ್ವರ ಮಠದಿಂದಲೂ ರಾಷ್ಟ್ರಧ್ವಜಕ್ಕೆ ಬಳಸುವ ಖಾದಿ ಬಟ್ಟೆಯ ನೇಯ್ಗೆಯಿಂದಲೂ ನಾಡಿಗೆ ಪರಿಚಿತವಾದ ಊರು. ಈ ಊರನ್ನು ನಡುವಿಗಿರಿಸಿಕೊಂಡು ಸುತ್ತಲಿನ ಸೀಮೆಯನ್ನು ನೋಡಿದರೆ ಪಶ್ಚಿಮಕ್ಕೆ ನಂದಗಡ, ವಾಯವ್ಯಕ್ಕೆ ಕಿತ್ತೂರು, ಉತ್ತರಕ್ಕೆ ಬೈಲಹೊಂಗಲ, ಪೂರ್ವಕ್ಕೆ ನರಗುಂದ, ಈಶಾನ್ಯದಲ್ಲಿ ತುಸು ದೂರಕ್ಕೆ ಮುಧೋಳ ಮತ್ತು ಹಲಗಲಿ ಸಿಗುತ್ತವೆ. ಹತ್ತೊಂಬತ್ತನೆಯ ಶತಮಾನದ ಮೂರು ದಶಕಗಳೊಳಗೆ ಈ ಊರುಗಳ ಹೆಸರನ್ನು ಸರಕಾರಿ ದಫ್ತರಗಳಿಗೆ ಸೇರಿಸಿದ್ದು ಬಂಡಾಯ ಮತ್ತು ಗಲ್ಲು. ಜನರ ಬಾಯಿಗೆ ಸೇರಿಸಿದ್ದು ಲಾವಣಿ, ಗೀಗೀ ಪದ, ಸಣ್ಣಾಟ. ಒಂದೇ ಘಟನೆ ಎರಡು ಬಗೆಯಲ್ಲಿ ದಾಖಲಾಯಿತು. ಕಚೇರಿಯ ದಾಖಲೆ ತೀರ್ಪಿನೊಂದಿಗೆ ಮುಗಿದರೆ ಜನರ ದಾಖಲೆ ಬಹುಮಟ್ಟಿಗೆ ತೀರ್ಪಿನ ನಂತರವೇ ಮೊದಲಾಯಿತು.

ಈ ಸೀಮೆಯ ಲಾವಣಿಗಳನ್ನು ವೀರಗೀತೆಗಳೆಂದು ಕರೆದು ಸಂಗ್ರಹಿಸುವ ಕೆಲಸ ಸಾಕಷ್ಟು ನಡೆದಿದೆ. ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಐದು ಕನ್ನಡ ಲಾವಣಿಗಳು ಇದಕ್ಕೆ ತಳಹದಿ. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನದು, ಹಲಗಲಿ ಬೇಡರದು, ಬೈಲಹೊಂಗಲದ ಸಂಗ್ಯಾನದು ಸೇರಿವೆ. ಕಂದಾಯಾಧಿಕಾರಿಯೂ ಶಾಸನತಜ್ಞನೂ ಆಗಿದ್ದ ಫ್ಲೀಟನು ಹಾಡಿದವರ ಮಾತನ್ನು ಇದ್ದ ಹಾಗೆ ಬರೆದುಕೊಂಡದ್ದು ದೊಡ್ಡ ಉಪಕಾರ. ಆದರೆ ಈ ಹಾಡುಗಳನ್ನು ಶಿಕ್ಷೆಗೆ ಜನ ಕೊಟ್ಟ ಪ್ರತಿಕ್ರಿಯೆಯೆಂದು ಓದುವ ಪ್ರಯತ್ನ ಕಡಿಮೆ. ವೀರನ ಶೌರ್ಯದ ಮೇಲೆಯೇ ಕಣ್ಣು ನೆಟ್ಟವರಿಗೆ, ತೀರ್ಪು ಬಂದ ಮೇಲೆ ಊರು ಏನೆಂದಿತು ಎಂಬ ಪ್ರಶ್ನೆ ಮುಖ್ಯವೆನಿಸಿಲ್ಲ.

ರಾಯಣ್ಣನ ಪ್ರಕರಣವನ್ನೇ ಮೊದಲು ನೋಡಬಹುದು. 1824ರ ಕಿತ್ತೂರು ಯುದ್ಧದ ನಂತರ ಸಂಸ್ಥಾನ ಕುಂಪಣಿ ಸರಕಾರದ ವಶವಾಯಿತು. 1830ರ ಆರಂಭದಲ್ಲಿ ಬೀಡಿಯ ಸರಕಾರಿ ಕಚೇರಿಗೆ ಬೆಂಕಿಯಿಡುವುದರೊಂದಿಗೆ ರಾಯಣ್ಣನ ಬಂಡಾಯ ಬಹಿರಂಗಕ್ಕೆ ಬಂತು. ಹಿಡಿಯಲ್ಪಟ್ಟ ಮೇಲೆ ವಿಚಾರಣೆ ನಡೆದು, 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಶಿಕ್ಷೆ ನಡೆದದ್ದು ಸೆರೆಮನೆಯ ಗೋಡೆಗಳ ಮರೆಯಲ್ಲಲ್ಲ, ಬಂಡಾಯದ ಬಿಸಿ ತಟ್ಟಿದ್ದ ನೆಲದಲ್ಲಿ, ಬಯಲಿನಲ್ಲಿ. ನೋಡಿದವರು ಹೆದರಬೇಕು ಎಂಬುದು ಆ ಕಾಲದ ದಂಡನೀತಿಯ ಲೆಕ್ಕ.

ಲೆಕ್ಕ ತಪ್ಪಿತು. ರಾಯಣ್ಣನ ಕುರಿತ ಹಾಡು, ಆಟ, ಕಥೆಗಳಲ್ಲಿ ತೀರ್ಪು ಕೊಟ್ಟ ಸಾಹೇಬನಿಗೆ ಸಿಗುವ ಜಾಗ ಅತಿ ಸಣ್ಣದು. ಜನ ತಮ್ಮ ನ್ಯಾಯಾಸನದ ಮುಂದೆ ನಿಲ್ಲಿಸಿದ್ದು ಹಿಡಿದುಕೊಟ್ಟವರನ್ನು. ಖೋದಾನಪುರದ ನಿಂಗನಗೌಡ, ನೇಗಿನಹಾಳದ ವೆಂಕನಗೌಡ ಎಂಬ ಹೆಸರುಗಳು ಇನ್ನೂರು ವರ್ಷಗಳ ಹತ್ತಿರಕ್ಕೆ ಬಂದರೂ ಹಾಡಿನಿಂದ ಬಿಡುಗಡೆ ಪಡೆದಿಲ್ಲ. ಡೋರಿ ಬೆಣಚಿ ಹಳ್ಳದಲ್ಲಿ ಮೀಯುತ್ತಿದ್ದವನ ಕೈಯಿಂದ ಕತ್ತಿ ದೂರವಾದ ಕ್ಷಣವೇ ಕಥೆಯ ನಡುಗಂಬ. ಗಲ್ಲು ಅದರ ಮುಂದುವರಿಕೆ ಮಾತ್ರ. ಕುಂಪಣಿಯ ನ್ಯಾಯಕ್ಕೆ ಅಪರಾಧ ರಾಜದ್ರೋಹವಾಗಿದ್ದರೆ ಜನರ ನ್ಯಾಯಕ್ಕೆ ಅಪರಾಧ ವಿಶ್ವಾಸದ್ರೋಹ. ಲಾವಣಿಕಾರರ ಶಿಕ್ಷೆಗೆ ಅವಧಿಯಿಲ್ಲ, ಮೇಲ್ಮನವಿಯೂ ಇಲ್ಲ ಎಂಬುದನ್ನೂ ಮರೆಯಬಾರದು. ಜನಪದ ನ್ಯಾಯವು ಕಚೇರಿಯ ನ್ಯಾಯಕ್ಕಿಂತ ಯಾವಾಗಲೂ ಮೃದುವಾದದ್ದೆಂಬ ಹೊಗಳಿಕೆ ಅಷ್ಟು ಸರಿಯಲ್ಲ.

ನರಗುಂದದ ಪ್ರಕರಣದ ಸ್ವರೂಪ ಬೇರೆ. ಇಲ್ಲಿ ಬಂಡಾಯದ ಜೊತೆಗೆ ಹೆಸರಿಟ್ಟು ಹೇಳಬಹುದಾದ ಒಂದು ಕೊಲೆಯಿದೆ. ಸಂಸ್ಥಾನಿಕ ಭಾಸ್ಕರರಾವ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಗಂಡುಸಂತಾನವಿಲ್ಲದೆ ದತ್ತಕಕ್ಕೆ ಅನುಮತಿ ಕೇಳಿ ನಿರಾಕರಣೆ ಪಡೆದವನು. ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹವನ್ನು ಹೊಂದಿದ್ದ ವಿದ್ಯಾಪಕ್ಷಪಾತಿ ಎಂದು ಇಂಗ್ಲಿಷರ ಬರಹಗಳೇ ಒಪ್ಪುತ್ತವೆ. 1858ರ ಮೇ 29ರ ರಾತ್ರಿ ದಕ್ಷಿಣ ಮರಾಠಾ ಪ್ರಾಂತದ ಪೊಲಿಟಿಕಲ್ ಏಜಂಟ್ ಚಾರ್ಲ್ಸ್ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬನ ಪಡೆ ಮೇಲೆ ಬಿದ್ದು ಅವನನ್ನು ಕೊಂದಿತು. ಮ್ಯಾನ್ಸನ್ನನ ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಲಾಯಿತು. ಜೂನ್ ಆರಂಭದಲ್ಲಿ ಕರ್ನಲ್ ಮಾಲ್ಕಮ್‌ನ ಸೈನ್ಯ ನರಗುಂದವನ್ನು ಹಿಡಿಯಿತು. ಬೆಟ್ಟದ ಕೋಟೆಯಿಂದ ತಪ್ಪಿಸಿಕೊಂಡಿದ್ದ ಬಾಬಾಸಾಹೇಬನನ್ನು ಪೊಲೀಸ್ ಅಧಿಕಾರಿ ಸೌಟರ್ ತೊರಗಲ್ಲಿನ ಕಾಡಿನ ಕಡೆ ಹಿಡಿದನು. ಬೆಳಗಾವಿಯಲ್ಲಿ ವಿಚಾರಣೆ; ಜೂನ್ 12ರಂದು ಅಲ್ಲಿಯೇ ಗಲ್ಲು.

ಕೊಲೆಗೂ ಗಲ್ಲಿಗೂ ನಡುವೆ ಹದಿನಾಲ್ಕೇ ದಿನ. ಕೋಟೆಯ ಮುತ್ತಿಗೆ, ಬೆನ್ನಟ್ಟುವಿಕೆ, ಸೆರೆ, ವಿಚಾರಣೆ, ತೀರ್ಪು, ಶಿಕ್ಷೆ ಎಲ್ಲವೂ ಆ ಎರಡು ವಾರಗಳೊಳಗೆ ಅಡಕವಾಗಿವೆ. ತೀರ್ಪಿಗೂ ಅದರ ಜಾರಿಗೂ ನಡುವೆ ಕಾಲಾವಕಾಶ ಇದ್ದರೆ ಮಾತ್ರ ಜನಾಭಿಪ್ರಾಯ ಎಂಬುದಕ್ಕೆ ಸಾರ್ವಜನಿಕ ರೂಪ ಬರುತ್ತದೆ: ಅರ್ಜಿ ಬರೆಯಬಹುದು, ಸಭೆ ಸೇರಬಹುದು, ಹಿರಿಯರು ಹೋಗಿ ಬೇಡಿಕೊಳ್ಳಬಹುದು. 1858ರ ವಿಚಾರಣೆ ಆ ಅವಕಾಶವನ್ನೇ ಉಳಿಸಲಿಲ್ಲ. ಹಾಗಾಗಿ ಆ ಕ್ಷಣದ ಜನಪ್ರತಿಕ್ರಿಯೆಯನ್ನು ಅರ್ಜಿಗಳಲ್ಲಿ ಹುಡುಕಿದರೆ ಸಿಗುವುದು ಮೌನ. ಆ ಮೌನವನ್ನು ಸಮ್ಮತಿಯೆಂದು ಓದುವುದು ತಪ್ಪು. ನಿರಾಯುಧೀಕರಣ ನಡೆದಿದ್ದ, ಸೈನ್ಯ ಬೀಡುಬಿಟ್ಟಿದ್ದ ಸೀಮೆಯಲ್ಲಿ ಮೌನಕ್ಕೆ ಬೇರೆ ಕಾರಣಗಳಿದ್ದವು. ಮಾತು ಹೊರಬಂದದ್ದು ನಿಧಾನವಾಗಿ, ಬೇರೆ ದಾರಿಯಿಂದ. ಬಾಬಾಸಾಹೇಬನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಹಾರಿ ಪ್ರಾಣಬಿಟ್ಟ ಸಂಗತಿ ಇಂಗ್ಲಿಷ್ ಬರಹಗಳಲ್ಲಿ ಒಂದು ವಾಕ್ಯವಾಗಿದೆ. ಈ ಸೀಮೆಯ ನೆನಪಿನಲ್ಲಿ ಅದು ಗಲ್ಲಿನಷ್ಟೇ, ಒಮ್ಮೊಮ್ಮೆ ಗಲ್ಲಿಗಿಂತಲೂ ಭಾರವಾದ ಘಟನೆ. ಮ್ಯಾನ್ಸನ್ನನ ಕೊಲೆಯ ಕ್ರೌರ್ಯವನ್ನು, ಮಲಗಿದ್ದವನ ಮೇಲೆ ಬಿದ್ದು ತಲೆ ತೆಗೆದದ್ದನ್ನು, ನಂತರದ ಅಭಿಮಾನದ ಬರವಣಿಗೆ ಹೆಚ್ಚಾಗಿ ಬದಿಗೆ ಸರಿಸಿದೆ. ಸಂಶೋಧಕರು ಹಾಗೆ ಮಾಡಬೇಕಾಗಿಲ್ಲ. ಕೊಲೆ ಕೊಲೆಯೇ, ಪ್ರಶ್ನೆಯಿರುವುದು ಅದನ್ನು ತೂಗಿದ ತಕ್ಕಡಿಯ ಬಗ್ಗೆ.

ಈ ಮಾತಿಗೆ ಹಲಗಲಿಯ ಲಾವಣಿ ಇನ್ನೂ ಗಟ್ಟಿಯಾದ ಸಾಕ್ಷಿ. ನಿಶ್ಶಸ್ತ್ರೀಕರಣದ ಹುಕುಮನ್ನು ಒಪ್ಪದ ಹಲಗಲಿಯ ಬೇಡರ ಮೇಲೆ 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಬಿತ್ತು. ಸೆರೆಸಿಕ್ಕವರಲ್ಲಿ ಹದಿಮೂರು ಜನರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ ಸಂತೆಯ ದಿನ, ಆರು ಜನರನ್ನು 14ರಂದು ಹಲಗಲಿಯಲ್ಲಿ ಗಲ್ಲಿಗೇರಿಸಲಾಯಿತು. ಸಂತೆಯ ದಿನವನ್ನು ಆರಿಸಿದ್ದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುತ್ತಲ ಹತ್ತೂರಿನವರು ಕಾಳುಕಡಿ ಕೊಳ್ಳಲು ಬಂದು ಹೆಣಗಳನ್ನು ನೋಡಿ ಮರಳಬೇಕಿತ್ತು. ಆದರೆ ಈ ಹತ್ತೊಂಬತ್ತು ಗಲ್ಲುಗಳಿಗೆ ಕುರ್ತಕೋಟಿಯ ಕಲ್ಮೇಶನ ಅಂಕಿತವಿರುವ ಪ್ರಸಿದ್ಧ ಲಾವಣಿಯಲ್ಲಿ ಜಾಗವಿಲ್ಲ! ಅಲ್ಲಿ ವೀರರು ಕಾದಾಡಿ ಬೀಳುತ್ತಾರೆ. ಕವಿಯ ಗಮನ ಆಮೇಲೆ ಹರಿಯುವುದು ಲೂಟಿಯ ಕಡೆಗೆ: ಕೊಡಲಿ, ಕುಡ, ಮೊಸರು, ಬೆಣ್ಣೆ, ಉಪ್ಪು, ಬೆಲ್ಲ, ಬೀಸುವ ಕಲ್ಲು, ಹೆಂಗಸರ ಕೊರಳಿನ ತಾಳಿ ಹೀಗೆ ಒಂದೊಂದಾಗಿ ಎಣಿಸುತ್ತಾನೆ. ಸರಕಾರದ ಕಾಗದ ಉರುಳುಗಳನ್ನು ಎಣಿಸಿತು, ಲಾವಣಿ ಬೀಸುವ ಕಲ್ಲುಗಳನ್ನು ಎಣಿಸಿತು. ಗಲ್ಲನ್ನು ಕವಿ ಮರೆತಿರಲಿಕ್ಕಿಲ್ಲ. ವೀರನನ್ನು ಶತ್ರುವಿನ ಹಗ್ಗದಲ್ಲಿ ಸಾಯಗೊಡದಿರುವುದೂ ತೀರ್ಪನ್ನು ನಿರಾಕರಿಸುವ ಒಂದು ವಿಧಾನ. ಇಡೀ ಊರನ್ನು ಸುಟ್ಟದ್ದು ಯಾವ ಕಾಯದೆಯ ಯಾವ ಕಲಮಿನ ಶಿಕ್ಷೆ ಎಂಬ ಪ್ರಶ್ನೆ ಆ ಪಾತ್ರೆಪಡಗಗಳ ಪಟ್ಟಿಯೊಳಗೆ ಅಡಗಿದೆ.

ಇದೇ ಕಾಲದ ಇಂಗ್ಲೆಂಡಿನಲ್ಲೂ ಗಲ್ಲಿನ ಹಾಡುಗಳಿದ್ದವು. 1828ರಲ್ಲಿ ಮರಿಯಾ ಮಾರ್ಟೆನ್‌ಳ ಕೊಲೆಗಾಗಿ ವಿಲಿಯಂ ಕಾರ್ಡರ್‌ನನ್ನು ಗಲ್ಲಿಗೇರಿಸಿದಾಗ ಲಂಡನ್ನಿನ ಮುದ್ರಕ ಕ್ಯಾಟ್ನಕ್ ಹೊರಡಿಸಿದ ಒಂಟಿಹಾಳೆ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತೆಂದು ಪ್ರತೀತಿ. ಆ ಹಾಳೆಗಳಲ್ಲಿ ಅಪರಾಧಿ ಸಾಮಾನ್ಯವಾಗಿ ತಾನೇ ಬಾಯಿಬಿಟ್ಟು ಪಶ್ಚಾತ್ತಾಪಪಟ್ಟು, ಕೇಳುವವರಿಗೆ ಬುದ್ಧಿ ಹೇಳಿ ಸಾಯುತ್ತಾನೆ. ಕಿತ್ತೂರು–ನರಗುಂದ ಸೀಮೆಯ ಬಂಡಾಯದ ಹಾಡುಗಳಲ್ಲಿ ಪಶ್ಚಾತ್ತಾಪದ ಈ ಭಾಷಣ ಕಾಣುವುದಿಲ್ಲ. ಅಲ್ಲಿ ಕಾಯದೆ ತಮ್ಮದೆಂದು ನಂಬಿದ ಜನ ಹಾಡು ಕೊಂಡರು. ಇಲ್ಲಿ ಕಾಯದೆ ಕಡಲಾಚೆಯಿಂದ ಬಂದದ್ದಾಗಿತ್ತು. 1827ರ ಎಲ್ಫಿನ್‌ಸ್ಟನ್ ಸಂಹಿತೆ ಈ ಪ್ರಾಂತಕ್ಕೆ ಅನ್ವಯವಾದದ್ದೇ 1830ರಲ್ಲಿ, ರಾಯಣ್ಣನ ಬಂಡಾಯದ ವರ್ಷದಲ್ಲಿ.

ಆದರೆ ಈ ಸೀಮೆಯ ಜನ ಗಲ್ಲಿಗೆ ಹೋದವರೆಲ್ಲರ ಪಕ್ಷವನ್ನೂ, ಕೊಲೆಯಾದವರೆಲ್ಲರ ಪಕ್ಷವನ್ನೂ ಕಣ್ಣುಮುಚ್ಚಿ ಹಿಡಿದವರಲ್ಲ. ಬೈಲಹೊಂಗಲದ ಸಂಗ್ಯಾ–ಬಾಳ್ಯಾರ ಕಥೆಯಲ್ಲಿ ಬಂಡಾಯವಿಲ್ಲ, ಪರಕೀಯ ಸಾಹೇಬನಿಲ್ಲ. ಸ್ನೇಹಿತ ಈರಪ್ಪನ ಹೆಂಡತಿ ಗಂಗಿಯನ್ನು ಮೋಹಿಸಿದ ಸಂಗ್ಯಾ ಈರಪ್ಪ ಮತ್ತು ಅವನ ತಮ್ಮಂದಿರ ಕೈಯಲ್ಲಿ ಕೊಲೆಯಾಗುತ್ತಾನೆ. ಲಾವಣಿಯಾಗಿ ಫ್ಲೀಟನಿಗೆ ದೊರೆತ, ಸಣ್ಣಾಟವಾಗಿ ಉತ್ತರ ಕರ್ನಾಟಕವನ್ನೆಲ್ಲ ಸುತ್ತಿದ, ಚಂದ್ರಶೇಖರ ಕಂಬಾರರ ಸಂಪಾದನೆಯಿಂದ ಶಿಷ್ಟ ಓದುಗರಿಗೂ ಪರಿಚಿತವಾದ ಈ ಕಥೆಯಲ್ಲಿ ತೂಕ ಬೀಳುವುದು ಮಿತ್ರದ್ರೋಹದ ಮೇಲೆ. ಕೊಂದವರನ್ನು ಬರಿಯ ಕೊಲೆಗಡುಕರೆಂದು ಬಿಡಲು ಆಟ ಒಪ್ಪುವುದಿಲ್ಲ, ಸತ್ತವನನ್ನು ಬರಿಯ ಪಾಪಿಯೆಂದು ಬಿಡಲೂ ಒಪ್ಪುವುದಿಲ್ಲ. ಸಂಗ್ಯಾನ ಸಾವಿಗೆ ಮರುಗುವ ಪ್ರೇಕ್ಷಕರೇ ಈರಪ್ಪನ ಅವಮಾನಕ್ಕೂ ಮರುಗುತ್ತಾರೆ. ಈ ಇಬ್ಬಂದಿತನ ಪ್ರದರ್ಶನ ಪರಂಪರೆಯಲ್ಲೇ ಇದೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳಗಿನತನಕ ವಾದ ಹೂಡುವ ಹರದೇಶಿ–ನಾಗೇಶಿ ಮೇಳಗಳ ಮುಂದೆ ಕುಳಿತು ಬೆಳೆದ ಸಮಾಜಕ್ಕೆ, ಎರಡೂ ಕಡೆಯ ಮಾತು ಕೇಳದೆ ಒಂದು ಸಂಗತಿ ಮುಗಿಯಿತೆನ್ನಿಸುವುದಿಲ್ಲ.

ಭಾಷೆಯೂ ಇದನ್ನೇ ಹೇಳುತ್ತದೆ. ಈ ಭಾಗದ ಆಡುನುಡಿಯಲ್ಲಿ ‘ಖೂನಿ’, ‘ಫಾಶಿ’, ‘ಕರಿನೀರು’ ಕಚೇರಿಯ ಶಬ್ದಗಳು. ಮೊದಲೆರಡು ಪರಭಾಷೆಯಿಂದ ಆಡಳಿತದ ಜೊತೆ ಬಂದವು. ‘ಪಾಪ’, ‘ದ್ರೋಹ’, ‘ಶಾಪ’, ‘ಮಣ್ಣು ತೂರುವುದು’ ಊರಿನ ಶಬ್ದಗಳು. ಫಾಶಿಗೆ ಹೋದವನು ಪಾಪಿಯಾಗಿರಬೇಕಿಲ್ಲ, ಪಾಪಿಯಾದವನಿಗೆ ಫಾಶಿ ಆಗಲೇಬೇಕೆಂದೂ ಇಲ್ಲ. ಈ ಎರಡು ಶಬ್ದಸಮೂಹಗಳು ಬೆರೆಯದೆ ಉಳಿದಿರುವುದು ಗಮನಾರ್ಹ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ತೀರ್ಪಿಗೂ ಗಲ್ಲಿಗೂ ನಡುವಿನ ಅಂತರ ಬೆಳೆಯಿತು. ಅದರೊಡನೆ ಜನಪ್ರತಿಕ್ರಿಯೆಯ ರೂಪವೂ ಬದಲಾಯಿತು. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಸೊಲ್ಲಾಪುರದಲ್ಲಿ 1930ರ ಮೇ 8ರ ಗಲಭೆಯಲ್ಲಿ ಇಬ್ಬರು ಪೊಲೀಸರು ಸತ್ತರು. ಆ ಕೊಲೆಯ ಮೊಕದ್ದಮೆಯಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರಿಗೆ ಮರಣದಂಡನೆಯಾಗಿ 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಜಾರಿಯಾಯಿತು. ಮೈಸೂರು ಸಂಸ್ಥಾನದ ಈಸೂರಿನಲ್ಲಿ 1942ರ ಸೆಪ್ಟೆಂಬರ್ 28ರಂದು ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರರ ಕೊಲೆಯಾಯಿತು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್ 8, 9, 10ರಂದು ಬೆಂಗಳೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಎರಡರಲ್ಲೂ ಘಟನೆಗೂ ಗಲ್ಲಿಗೂ ನಡುವೆ ತಿಂಗಳುಗಳೇ ಇದ್ದವು. ಮೇಲ್ಮನವಿ, ದಯಾಭಿಕ್ಷೆ, ಪತ್ರಿಕೆ, ಹರತಾಳಗಳಿಗೆ ಎಡೆಯಾಯಿತು. ಗಲ್ಲು ಮಾತ್ರ ಗೋಡೆಯೊಳಕ್ಕೆ ಸರಿದಿತ್ತು. ನೋಡುವ ಜನರಿಲ್ಲದ ಗಲ್ಲು, ಕೇಳುವ ಜನರಿರುವ ತೀರ್ಪು. 1858ರ ಬೆಳಗಾವಿಯ ತಿರುವುಮುರುವು ಇದು.

ಕಾಯದೆಯೂ ನಿಧಾನವಾಗಿ ಈ ಅಂತರವನ್ನು ಒಪ್ಪಿಕೊಂಡಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯಂತೆ ಮರಣದಂಡನೆಗೆ ಅರ್ಹವಾದ ಅಪರಾಧಕ್ಕೆ ಕಡಿಮೆ ಶಿಕ್ಷೆ ಕೊಟ್ಟರೆ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. 1955ರ ತಿದ್ದುಪಡಿ ಅದನ್ನು ತೆಗೆಯಿತು. 1973ರ ಸಂಹಿತೆ ತಿರುಗಿಸಿಯೇ ಬಿಟ್ಟಿತು: ಮರಣದಂಡನೆ ಕೊಟ್ಟರೆ ವಿಶೇಷ ಕಾರಣ ಬರೆಯಬೇಕು. ತಪ್ಪಿತಸ್ಥನೆಂದು ನಿರ್ಣಯಿಸಿದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯ ಮಾತನ್ನು ಪ್ರತ್ಯೇಕವಾಗಿ ಕೇಳಬೇಕೆಂಬ ನಿಯಮ ಬಂದದ್ದೂ ಅದರಲ್ಲೇ. 1980ರ ಬಚನ್ ಸಿಂಗ್ ತೀರ್ಪು ‘ಅಪರೂಪದಲ್ಲಿ ಅಪರೂಪ’ದ ಸೂತ್ರವನ್ನು ಕೊಟ್ಟು, ಅಪರಾಧದೊಂದಿಗೆ ಅಪರಾಧಿಯ ಬದುಕನ್ನೂ ತೂಗಬೇಕೆಂದಿತು. 1983ರ ಮಚ್ಛಿ ಸಿಂಗ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ‘ಸಮಾಜದ ಸಾಮೂಹಿಕ ಅಂತಃಸಾಕ್ಷಿ’ಯ ಮಾತನ್ನು ತಂದಿತು. ಅಂದಿನಿಂದ ಜನಪ್ರತಿಕ್ರಿಯೆ ತೀರ್ಪಿನ ಹೊರಗಿನ ಗದ್ದಲವಾಗಿ ಉಳಿಯದೆ ಒಳಗಿನ ಕಾರಣವೂ ಆಗಬಲ್ಲದ್ದಾಯಿತು. 2009ರ ಸಂತೋಷಕುಮಾರ ಬರಿಯಾರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಲೋಕಾಭಿಪ್ರಾಯವನ್ನು ಅಳತೆಗೋಲಾಗಿಸುವ ಬಗ್ಗೆ ಸಂಶಯ ತೋರಿತು.

ಜಾನಪದ ಅಧ್ಯಯನಕ್ಕೆ ಇಲ್ಲಿ ಹೇಳಲು ಸ್ವಂತದ್ದೊಂದು ಮಾತಿದೆ. ಸಾಮೂಹಿಕ ಅಂತಃಸಾಕ್ಷಿ ಎಂಬುದು ಒಂದೇ ಕಂಠದಲ್ಲಿ, ತೀರ್ಪಿನ ದಿನವೇ ನುಡಿಯುತ್ತದೆಂಬ ಊಹೆಗೆ ಈ ಸೀಮೆಯ ಸಾಮಗ್ರಿ ಆಧಾರ ಕೊಡುವುದಿಲ್ಲ. ರಾಯಣ್ಣನ ವಿಷಯದಲ್ಲಿ ಅದು ಅಪರಾಧಿಯನ್ನೇ ಬದಲಿಸಿತು; ಹಲಗಲಿಯಲ್ಲಿ ಗಲ್ಲನ್ನು ಬಿಟ್ಟು ಲೂಟಿಯನ್ನು ಎಣಿಸಿತು; ಬೈಲಹೊಂಗಲದಲ್ಲಿ ಇಬ್ಬರಿಗೂ ಅತ್ತಿತು; ನರಗುಂದದಲ್ಲಿ ಬಹುಕಾಲ ಸುಮ್ಮನಿತ್ತು. ಲಾವಣಿಗಳಲ್ಲಿ ಸಾಹೇಬರ ಹೆಸರುಗಳು ಕೆಡುತ್ತವೆ, ದಿನಾಂಕಗಳು ಅಲ್ಲಾಡುತ್ತವೆ. ವಿಚಾರಣೆಯ ವಿವರಕ್ಕೆ ಅವು ನಂಬಿಗಸ್ತ ಸಾಕ್ಷಿಗಳಲ್ಲ. ತೀರ್ಪನ್ನು ಜನ ಎಷ್ಟು ವರ್ಷ, ಯಾವ ಮಾತಿನಲ್ಲಿ ಮರುವಿಚಾರಣೆಗೆ ಒಳಪಡಿಸಿದರು ಎಂಬುದಕ್ಕೆ ಅವುಗಳಿಗಿಂತ ಒಳ್ಳೆಯ ಸಾಕ್ಷಿ ಬೇರೆಯಿಲ್ಲ.

ನಂದಗಡದಲ್ಲಿ ಆ ಮರುವಿಚಾರಣೆಗೆ ಆಚರಣೆಯ ರೂಪವಿದೆ. ರಾಯಣ್ಣನ ಸಮಾಧಿಯ ಮೇಲೆ ಬೆಳೆದ ಆಲದ ಮರವನ್ನು ಅವನ ಒಡನಾಡಿ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟನೆಂದು ಪ್ರತೀತಿ. ಗಲ್ಲಿಗೇರಿದವನಿಗೆ ಸಂತತಿಯ ಹರಕೆ ಹೊರುವುದು ಅಲ್ಲಿನ ರೂಢಿ. ಮಕ್ಕಳಿಲ್ಲದವರು ಬಂದು ಮರದ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಅವನ ಗಲ್ಲಿನ ದಿನ ಗಣರಾಜ್ಯೋತ್ಸವದ ದಿನವೂ ಆಗಿರುವುದು ಕಾಕತಾಳೀಯವಾದರೂ ಈ ಸೀಮೆಯವರು ಅದನ್ನು ಹಾಗೆ ಎಣಿಸುವುದಿಲ್ಲ. ಜನವರಿ 26ರಂದು ಧ್ವಜ ಏರಿದ ಮೇಲೆ ನಂದಗಡದ ದಾರಿ ಹಿಡಿಯುವವರಿದ್ದಾರೆ; ತೊಟ್ಟಿಲು ಕಟ್ಟುವವರು ಮರದ ಕೆಳಗೆ ನಿಂತು ಹೇಳಿಕೊಳ್ಳುವುದು ತೀರ್ಪಿನ ಮಾತನ್ನಲ್ಲ, ತಮ್ಮ ಮನೆಯ ಮಾತನ್ನು.